ಹಳೆಯ ಕಿಟಕಿಯೋ, ಹೊಸ ಕಿಟಕಿಯೋ?



ಈ ವಾರ ಒಂದು ಜಗಳ ಬಿಡಿಸೋಣ. ಕಂಪ್ಯೂಟರ್ ಇರುವ ಮನೆಗಳಲ್ಲಿ ಇದು ಒಂದಲ್ಲ ಒಂದು ದಿನ ನಡೆದೇ ನಡೆಯುತ್ತದೆ.

ಅಜ್ಜ ಹೇಳುತ್ತಾರೆ, "ನಮ್ಮ ಹಳೇ ಎಕ್ಸ್‌ಪಿ ಎಷ್ಟು ಚೆನ್ನಾಗಿತ್ತು! ಎಲ್ಲ ಕೈಗೆ ಸಿಗೋ ಹಾಗೆ ಇತ್ತು." ಮೊಮ್ಮಗಳು ನಗುತ್ತಾಳೆ, "ಅಯ್ಯೋ ಅಜ್ಜಾ, ಅದು ಡೈನೋಸಾರ್ ಕಾಲದ್ದು. ಈಗ ವಿಂಡೋಸ್ ಹನ್ನೊಂದು ಬಂದಿದೆ." ಅಪ್ಪ ಪೇಪರಿನ ಹಿಂದಿನಿಂದಲೇ, "ಯಾರು ಏನೇ ಹೇಳಲಿ, ಸೆವೆನ್ ಮುಂದೆ ಯಾವುದೂ ಇಲ್ಲ" ಅನ್ನುತ್ತಾರೆ. ಅಜ್ಜಿಯದು ಬೇರೆಯೇ ಪ್ರಶ್ನೆ: "ನನ್ನ ಇಸ್ಪೀಟಿನ ಆಟ ಎಲ್ಲಿ ಹೋಯ್ತು ಅಂತ ಯಾರಾದರೂ ಹೇಳ್ತೀರಾ?"

ನಾಲ್ವರ ಮಾತಿನಲ್ಲೂ ಸತ್ಯ ಇದೆ. ಆದರೆ ತೀರ್ಪು ಹೇಳುವ ಮೊದಲು ವಿಂಡೋಸ್ ಅಂದರೆ ಏನು ಅಂತ ಒಂದು ಮಾತು.

ಮದುವೆಮನೆಯಲ್ಲಿ ಒಬ್ಬರು ಉಸ್ತುವಾರಿ ಯಜಮಾನರು ಇರುತ್ತಾರೆ, ನೋಡಿದ್ದೀರಲ್ಲ? ಅಡುಗೆಯವರಿಗೆ ತೆಂಗಿನಕಾಯಿ ಬೇಕೆಂದರೂ ಅವರನ್ನೇ ಕೇಳಬೇಕು, ವಾಲಗದವರಿಗೆ ಕೂರಲು ಜಾಗ ಬೇಕೆಂದರೂ ಅವರನ್ನೇ ಕೇಳಬೇಕು. ಅವರು ಅಡುಗೆ ಮಾಡುವುದಿಲ್ಲ, ವಾಲಗ ಊದುವುದಿಲ್ಲ. ಆದರೆ ಅವರಿಲ್ಲದಿದ್ದರೆ ಮದುವೆ ನಡೆಯುವುದಿಲ್ಲ. ಕಂಪ್ಯೂಟರಿನ ಒಳಗೆ ಅಂಥ ಉಸ್ತುವಾರಿ ನೋಡುವುದು ಆಪರೇಟಿಂಗ್ ಸಿಸ್ಟಂ. ಮೈಕ್ರೋಸಾಫ್ಟ್ ಕಂಪನಿಯ ಆಪರೇಟಿಂಗ್ ಸಿಸ್ಟಂಗೆ ವಿಂಡೋಸ್, ಅಂದರೆ ಕಿಟಕಿಗಳು, ಎಂದು ಹೆಸರು. ಪ್ರತಿಯೊಂದು ಕೆಲಸವೂ ತೆರೆಯ ಮೇಲೆ ಒಂದೊಂದು ಚೌಕದಲ್ಲಿ ಕಿಟಕಿಯಂತೆ ತೆರೆದುಕೊಳ್ಳುವುದರಿಂದ ಆ ಹೆಸರು.

ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ ನಾನು ಮೂರು ವಿಷಯಗಳಲ್ಲಿ ಅಂಕ ಕೊಡುತ್ತೇನೆ. ಮೊದಲನೆಯದು, ಅದು ಕೈಗೆ ಒಗ್ಗುತ್ತದೆಯೇ? ಎರಡನೆಯದು, ಕಳ್ಳರು ಬಾರದಂತೆ ಅದಕ್ಕೆ ಕಾವಲು ಇದೆಯೇ? ಮೂರನೆಯದು, ಅದರಲ್ಲಿ ನಾವು ಬರೆದಿಟ್ಟದ್ದು ನಾಳೆಯೂ ತೆರೆದುಕೊಳ್ಳುತ್ತದೆಯೇ? ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ಒಂದೊಂದೇ ಕಿಟಕಿ ತೆರೆಯೋಣ.

ಇಸ್ಪೀಟು ಕಲಿಸಿದ ಪಾಠ

ಮೊದಲ ವಿಂಡೋಸ್ ಹೊರಬಂದದ್ದು 1985ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ಇದ್ದದ್ದು ಡಾಸ್. ಕಪ್ಪು ತೆರೆ, ಅದರ ಮೇಲೆ ಮಿಣುಕುವ ಒಂದು ಸಣ್ಣ ಗೆರೆ. ಏನು ಮಾಡಬೇಕಾದರೂ ಆಜ್ಞೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಟೈಪ್ ಮಾಡಬೇಕಿತ್ತು. ವಿಂಡೋಸ್ ಬಂದ ಮೇಲೆ ಚಿತ್ರದ ಮೇಲೆ ಮೌಸ್ ಇಟ್ಟು ಒತ್ತಿದರೆ ಸಾಕಾಯಿತು. ಆದರೆ ಆ ಮೊದಲ ವಿಂಡೋಸ್‌ನಲ್ಲಿ ಒಂದು ಕಿಟಕಿಯ ಮೇಲೆ ಇನ್ನೊಂದು ಕೂರುತ್ತಿರಲಿಲ್ಲ. ನೆಲಕ್ಕೆ ಕಲ್ಲು ಹಾಸಿದ ಹಾಗೆ ಎಲ್ಲವೂ ಪಕ್ಕಪಕ್ಕದಲ್ಲಿ ಇರಬೇಕಿತ್ತು. ಒಂದು ವಿಶೇಷ ಗೊತ್ತೇ? ನೀವು ಈಗ ಬಣ್ಣ ಬಳಿಯುವ ಪೇಂಟ್, ಟಿಪ್ಪಣಿ ಬರೆಯುವ ನೋಟ್‌ಪ್ಯಾಡ್, ಲೆಕ್ಕ ಮಾಡುವ ಕ್ಯಾಲ್ಕುಲೇಟರ್ ಮೂರೂ ಆ 1985ರ ವಿಂಡೋಸ್‌ನಲ್ಲೇ ಇದ್ದವು. ನಿಮ್ಮ ಅಪ್ಪ ಅಮ್ಮ ಪುಟ್ಟ ಮಕ್ಕಳಾಗಿದ್ದ ಕಾಲ ಅದು.

1990ರಲ್ಲಿ ವಿಂಡೋಸ್ 3.0 ಬಂತು. ಅದರ ಜೊತೆಗೆ ಬಂದದ್ದೇ ಅಜ್ಜಿಯ ಇಸ್ಪೀಟಿನ ಆಟ, ಸಾಲಿಟೇರ್. ಅದನ್ನು ಬರೆದವರು ವೆಸ್ ಚೆರ್ರಿ. ಆಗ ಅವರು ಆ ಕಂಪನಿಯಲ್ಲಿ ತರಬೇತಿಗೆ ಬಂದ ಹುಡುಗ. ಎಲೆಗಳ ಚಿತ್ರ ಬಿಡಿಸಿದವರು ಸೂಸನ್ ಕೇರ್ ಎಂಬ ಕಲಾವಿದೆ. ಆಗ ಮೌಸ್ ಅನ್ನುವುದು ಬಹಳ ಜನರಿಗೆ ಹೊಸ ವಸ್ತು. ಎಲೆಯನ್ನು ಒತ್ತಿ ಹಿಡಿದು, ಎಳೆದುಕೊಂಡು ಹೋಗಿ, ಬೇಕಾದ ಕಡೆ ಬಿಡುವುದು ಆ ಆಟದ ರೀತಿ. ಫೈಲನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹಾಕುವುದೂ ಹಾಗೆಯೇ. ಆಟ ಆಡುತ್ತಾ ಆಡುತ್ತಾ ಕೋಟಿಗಟ್ಟಲೆ ಜನರ ಕೈ ಮೌಸಿಗೆ ಪಳಗಿತು. ಆದ್ದರಿಂದ ಮಕ್ಕಳೇ, ಅಜ್ಜಿ ಇಸ್ಪೀಟು ಆಡುತ್ತಾ ಕೂತರೆ ನಗಬೇಡಿ. ಅದು ಒಂದು ಕಾಲದ ಕಂಪ್ಯೂಟರ್ ಪಾಠಶಾಲೆ!

ನಿಲ್ಲಿಸಬೇಕಾದರೆ 'ಸ್ಟಾರ್ಟ್' ಒತ್ತಿ

1995ರ ಆಗಸ್ಟ್ 24ರಂದು ವಿಂಡೋಸ್ 95 ಬಂತು. ನಾವು ಇವತ್ತು ನೋಡುವ ಬಹಳಷ್ಟು ಸಂಗತಿಗಳು ಆ ದಿನ ಹುಟ್ಟಿದವು. ಎಡಗಡೆ ಕೆಳಗಿನ ಮೂಲೆಯಲ್ಲಿ ಸ್ಟಾರ್ಟ್ ಬಟನ್, ಕೆಳಗಡೆ ಉದ್ದಕ್ಕೆ ಟಾಸ್ಕ್‌ಬಾರ್, ಬೇಡವಾದ ಫೈಲ್ ಹಾಕಲು ಕಸದ ಬುಟ್ಟಿ. ಕಂಪ್ಯೂಟರ್ ಶುರುವಾಗುವಾಗ ಬರುತ್ತಿದ್ದ ಆ ಇಂಪಾದ ದನಿಯನ್ನು ಮಾಡಿಕೊಟ್ಟವರು ಬ್ರಿಟನ್ನಿನ ಸಂಗೀತಗಾರ ಬ್ರಯನ್ ಈನೋ. ಕಂಪ್ಯೂಟರ್ ನಿಲ್ಲಿಸಬೇಕಾದರೂ 'ಸ್ಟಾರ್ಟ್' ಎಂಬ ಬಟನ್ನನ್ನೇ ಒತ್ತಬೇಕಿತ್ತು ಎನ್ನುವುದು ಆ ಕಾಲದ ದೊಡ್ಡ ತಮಾಷೆ.

ಇನ್ನೊಂದು ದೊಡ್ಡ ಉಪಕಾರ ಆಯಿತು. ಅದಕ್ಕೂ ಮುಂಚೆ ಫೈಲಿಗೆ ಹೆಸರಿಡಲು ಎಂಟೇ ಅಕ್ಷರ, ಕೊನೆಗೆ ಚುಕ್ಕಿ, ಮತ್ತೆ ಮೂರು ಅಕ್ಷರ. 'ಅಜ್ಜಿಗೆ ಬರೆದ ದೀಪಾವಳಿ ಪತ್ರ' ಎಂಬಂಥ ಹೆಸರನ್ನು ಇಂಗ್ಲಿಷಿನಲ್ಲಿ ಎಂಟು ಅಕ್ಷರಕ್ಕೆ ಹಿಂಡಿ ಬರೆದರೆ ಮುಂದಿನ ವಾರಕ್ಕೆ ನಮಗೇ ಅರ್ಥವಾಗುತ್ತಿರಲಿಲ್ಲ. 95ರಿಂದ ಉದ್ದನೆಯ ಹೆಸರು ಇಡಬಹುದಾಯಿತು.

ಇಡೀ ವಿಂಡೋಸ್ 95 ಫ್ಲಾಪಿಗಳಲ್ಲಿ ಬರುತ್ತಿತ್ತು. ಒಂದಲ್ಲ, 13 ಫ್ಲಾಪಿ! ಒಂದಾದ ಮೇಲೊಂದು ಹಾಕುತ್ತಾ ಕೂರಬೇಕು. ಮಕ್ಕಳೇ, ಫೈಲ್ ಉಳಿಸಲು ನೀವು ಒತ್ತುವ ಆ ಚೌಕದ ಚಿತ್ರ ಇದೆಯಲ್ಲ, ಅದು ಫ್ಲಾಪಿಯದೇ. ವಸ್ತು ಹೋಯಿತು, ಚಿತ್ರ ಉಳಿಯಿತು. ನಿಮ್ಮ ಅಜ್ಜನ ಬಳಿ ಒಂದು ಫ್ಲಾಪಿ ಇದ್ದರೆ ತೋರಿಸಲು ಹೇಳಿ.

1998ರ ಜೂನ್ 25ಕ್ಕೆ ವಿಂಡೋಸ್ 98 ಬಂತು. ನಾನು ಕಂಪ್ಯೂಟರ್ ಮುಟ್ಟಿದ್ದು ಈ ಕಾಲದಲ್ಲಿ. ಪ್ರಿಂಟರ್, ಸ್ಕ್ಯಾನರ್ ಮುಂತಾದವನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿದ ಕೂಡಲೇ ಗುರುತು ಹಿಡಿಯುವುದು ಅದರ ಹೆಚ್ಚುಗಾರಿಕೆ. ಆದರೆ ಬಿಡುಗಡೆಗೆ ಮುಂಚೆ, ಆ ವರ್ಷದ ಏಪ್ರಿಲ್‌ನಲ್ಲಿ ಶಿಕಾಗೋದ ಒಂದು ಪ್ರದರ್ಶನದಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ ಒಂದು ಸ್ಕ್ಯಾನರ್ ಸಿಕ್ಕಿಸಿದರು. ತಕ್ಷಣ ತೆರೆ ನೀಲಿಯಾಗಿ ಕಂಪ್ಯೂಟರ್ ನಿಂತುಹೋಯಿತು! ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಆ ನೀಲಿ ತೆರೆಯನ್ನು ನಮ್ಮ ಕಾಲದವರು ಮರೆಯುವ ಹಾಗೇ ಇಲ್ಲ.

ಹಾಗೆ ಯಾಕೆ ಆಗುತ್ತಿತ್ತು? 95 ಮತ್ತು 98 ನಿಂತಿದ್ದದ್ದು ಹಳೆಯ ಡಾಸ್ ಎಂಬ ಅಡಿಪಾಯದ ಮೇಲೆ. ಒಂದೇ ಅಡುಗೆಮನೆಯಲ್ಲಿ ಹತ್ತು ಜನ ಒಟ್ಟಿಗೆ ಕೆಲಸ ಮಾಡಿದ ಹಾಗೆ. ಒಬ್ಬರು ಎಣ್ಣೆ ಚೆಲ್ಲಿದರೆ ಹತ್ತು ಜನವೂ ಜಾರುತ್ತಾರೆ. ಒಂದು ಪ್ರೋಗ್ರಾಂ ಎಡವಿದರೆ ಇಡೀ ಕಂಪ್ಯೂಟರ್ ಕುಸಿಯಬಹುದಿತ್ತು.

ಹಸಿರು ಗುಡ್ಡದ ಎಕ್ಸ್‌ಪಿ

ಕಚೇರಿಗಳಿಗೆಂದು ಕಂಪನಿ 1993ರಿಂದಲೇ ಎನ್‌ಟಿ ಎಂಬ ಗಟ್ಟಿ ಅಡಿಪಾಯದ ಇನ್ನೊಂದು ವಿಂಡೋಸ್ ಮಾರುತ್ತಿತ್ತು. ಅಲ್ಲಿ ಪ್ರತಿ ಪ್ರೋಗ್ರಾಮಿಗೂ ಬೇರೆ ಬೇರೆ ಕೋಣೆ. ಒಂದು ಕೋಣೆಯಲ್ಲಿ ಏನಾದರೂ ಆದರೆ ಅದರ ಬಾಗಿಲು ಮುಚ್ಚಿದರಾಯಿತು. 2001ರ ಅಕ್ಟೋಬರ್ 25ರಂದು ಬಂದ ಎಕ್ಸ್‌ಪಿ ಆ ಗಟ್ಟಿ ಅಡಿಪಾಯವನ್ನು ಮೊದಲ ಸಲ ಮನೆಮನೆಗೆ ತಂದಿತು. ಅಜ್ಜಂದಿರು ಎಕ್ಸ್‌ಪಿಯನ್ನು ಇಷ್ಟೊಂದು ನೆನೆಯುವುದಕ್ಕೆ ಇದೇ ಕಾರಣ. ಅದು ಸುಮ್ಮಸುಮ್ಮನೆ ನಿಲ್ಲುವುದು ಬಹಳ ಕಡಿಮೆಯಾಯಿತು.

ಅದರ ತೆರೆಯ ಮೇಲಿದ್ದ ಹಸಿರು ಗುಡ್ಡ, ನೀಲಿ ಆಕಾಶ ನೆನಪಿದೆಯೇ? ಬಹಳ ಜನ ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ಅಂದುಕೊಂಡಿದ್ದಾರೆ. ಅಲ್ಲ, ಅದು ನಿಜವಾದ ಫೋಟೋ. 1996ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸೊನೋಮಾ ಎಂಬಲ್ಲಿ ದಾರಿಬದಿಯಲ್ಲಿ ನಿಂತು ಚಾರ್ಲ್ಸ್ ಓ'ರಿಯರ್ ಎಂಬ ಛಾಯಾಗ್ರಾಹಕರು ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದದ್ದು. ಅಲ್ಲಿ ದ್ರಾಕ್ಷಿ ತೋಟ ಇತ್ತು. ಬಳ್ಳಿಗೆ ಹುಳ ಬಿದ್ದು, ಅವನ್ನೆಲ್ಲ ಕಿತ್ತ ಮೇಲೆ ಹುಲ್ಲು ಬೆಳೆದಿತ್ತು. ಆ ಹುಲ್ಲೇ ನಾವೆಲ್ಲ ನೋಡಿದ್ದು.

ನಮಗೆ ಎಕ್ಸ್‌ಪಿ ಇನ್ನೊಂದು ಕಾರಣಕ್ಕೂ ಮುಖ್ಯ. ಅದರ ಜೊತೆಗೆ ಕನ್ನಡದ ಒಂದು ಅಕ್ಷರಶೈಲಿ ಬಂತು. ಅದಕ್ಕೆ ಇಟ್ಟ ಹೆಸರು 'ತುಂಗಾ'. ಹೌದು, ನಮ್ಮ ತುಂಗೆಯ ಹೆಸರೇ! ಸೆಟ್ಟಿಂಗ್‌ನಲ್ಲಿ ಒಂದು ಗುರುತು ಹಾಕಿ, ವಿಂಡೋಸಿನ ಸಿಡಿ ಕೊಟ್ಟರೆ, ಬೇರೆ ಯಾವ ತಂತ್ರಾಂಶದ ಹಂಗೂ ಇಲ್ಲದೆ ಕನ್ನಡ ಓದಬಹುದಿತ್ತು, ಬರೆಯಬಹುದಿತ್ತು.

ಮೇಲೆ ಹತ್ತಿ, ಕೆಳಗೆ ಇಳಿದು

2007ರ ಜನವರಿಯಲ್ಲಿ ವಿಸ್ಟಾ ಬಂತು. ನೋಡಲು ಗಾಜಿನಂತೆ ಹೊಳೆಯುತ್ತಿತ್ತು. ಆದರೆ ಆಗಿನ ಮನೆಗಳ ಕಂಪ್ಯೂಟರಿಗೆ ಅದು ಭಾರವಾಯಿತು. ಜೊತೆಗೆ ಪ್ರತಿ ಹೆಜ್ಜೆಗೂ "ಮಾಡಲೇ? ನಿಜವಾಗಿ ಮಾಡಲೇ?" ಎಂದು ಕೇಳುತ್ತಿತ್ತು. ಜನ ರೇಗಿದರು. ಆ ಪ್ರಶ್ನೆ ಕಾವಲಿನ ಒಂದು ಭಾಗವೇ ಆಗಿತ್ತು, ಆದರೆ ಬಾಗಿಲು ಕಾಯುವವನು ಮನೆಯವರನ್ನೇ ದಿನಕ್ಕೆ ಇಪ್ಪತ್ತು ಸಲ ತಡೆದರೆ ಹೇಗೆ?

2009ರ ಅಕ್ಟೋಬರ್ 22ರಂದು ವಿಂಡೋಸ್ 7 ಬಂತು. ವಿಸ್ಟಾದ ಒಳ್ಳೆಯದನ್ನೆಲ್ಲ ಇಟ್ಟುಕೊಂಡು, ಪ್ರಶ್ನೆಗಳನ್ನು ಕಡಿಮೆ ಮಾಡಿ, ಭಾರ ಇಳಿಸಿದ್ದರು. ಅಪ್ಪ ಅದನ್ನು ಹೊಗಳಿದರೆ ತಪ್ಪೇನಿಲ್ಲ.

2012ರ ಅಕ್ಟೋಬರ್ 26ಕ್ಕೆ ವಿಂಡೋಸ್ 8. ಆಗ ಬೆರಳಿನಿಂದ ಮುಟ್ಟುವ ತೆರೆಗಳು ಬಂದಿದ್ದವು. ಅದಕ್ಕೆ ತಕ್ಕಂತೆ ಬಣ್ಣಬಣ್ಣದ ದೊಡ್ಡ ಚೌಕಗಳನ್ನು ಜೋಡಿಸಿ, ಹದಿನೇಳು ವರ್ಷದಿಂದ ಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ನನ್ನು ತೆಗೆದೇಬಿಟ್ಟರು. ಅಡುಗೆಮನೆಯ ಒಲೆಯನ್ನು ರಾತ್ರೋರಾತ್ರಿ ಮಹಡಿಗೆ ಸಾಗಿಸಿದ ಹಾಗಾಯಿತು! ಮೌಸ್ ಹಿಡಿದವರಿಗೆ ದಿಕ್ಕೇ ತೋಚಲಿಲ್ಲ. ಅಜ್ಜಿಯ ಇಸ್ಪೀಟಿನ ಆಟವೂ ವಿಂಡೋಸಿನ ಜೊತೆಯಲ್ಲಿ ಬರುವುದು ನಿಂತದ್ದು ಆಗಲೇ. ಮುಂದಿನ ವರ್ಷ 8.1ರಲ್ಲಿ ಬಟನ್ ಮರಳಿತು. 2015ರ ಜುಲೈ 29ಕ್ಕೆ ಬಂದ ವಿಂಡೋಸ್ 10ರಲ್ಲಿ ಹಳೆಯ ಪಟ್ಟಿಯೂ ಮರಳಿತು. ಇಸ್ಪೀಟಿನ ಆಟವೂ ಬಂತು, ಆದರೆ ಈ ಸಲ ಜಾಹೀರಾತುಗಳ ಜೊತೆ. ವಿಂಡೋಸ್ 9 ಮಾತ್ರ ಬರಲೇ ಇಲ್ಲ, ಎಂಟರ ಮೇಲೆ ನೇರ ಹತ್ತು.

2021ರ ಅಕ್ಟೋಬರ್ 5ರಂದು ವಿಂಡೋಸ್ 11. ಸ್ಟಾರ್ಟ್ ಬಟನ್ ಮೂಲೆ ಬಿಟ್ಟು ನಡುವಿಗೆ ಬಂದು ಕೂತಿತು. ಅಜ್ಜಂದಿರೇ, ಗಾಬರಿ ಬೇಡ. ಸೆಟ್ಟಿಂಗ್ಸ್, ಅದರಲ್ಲಿ ಪರ್ಸನಲೈಸೇಷನ್, ಅದರಲ್ಲಿ ಟಾಸ್ಕ್‌ಬಾರ್, ಅಲ್ಲಿ ಅಲೈನ್‌ಮೆಂಟ್ ಎಂಬುದನ್ನು 'ಲೆಫ್ಟ್' ಮಾಡಿದರೆ ಅದು ತನ್ನ ಹಳೆಯ ಮೂಲೆಗೆ ಹೋಗುತ್ತದೆ. ಅಕ್ಷರ ಸಣ್ಣದಾಯಿತೆಂದರೆ ಅದೇ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ 'ಟೆಕ್ಸ್ಟ್ ಸೈಜ್' ದೊಡ್ಡದು ಮಾಡಿಕೊಳ್ಳಬಹುದು. ಪಟ್ಟಿಗಳನ್ನೆಲ್ಲ ಕನ್ನಡದಲ್ಲೇ ನೋಡುವ ಸೌಲಭ್ಯವೂ ಇದೆ.

ಈಗ ಮಕ್ಕಳಿಗೆ ಒಂದು ಲೆಕ್ಕ. ಕೆಲಸ ಮಾಡುವಾಗ ಕಂಪ್ಯೂಟರ್ ಬಳಸುವ ನೆನಪಿನ ಜಾಗಕ್ಕೆ ರ‍್ಯಾಮ್ ಎನ್ನುತ್ತಾರೆ. ವಿಂಡೋಸ್ 95ಕ್ಕೆ ಕಡಿಮೆಯೆಂದರೆ 4 ಎಂಬಿ ರ‍್ಯಾಮ್ ಬೇಕಿತ್ತು. 98ಕ್ಕೆ 16 ಎಂಬಿ, ಎಕ್ಸ್‌ಪಿಗೆ 64 ಎಂಬಿ, ವಿಸ್ಟಾಕ್ಕೆ 512 ಎಂಬಿ, ಏಳಕ್ಕೆ 1 ಜಿಬಿ, ಹನ್ನೊಂದಕ್ಕೆ 4 ಜಿಬಿ. ಒಂದು ಜಿಬಿ ಎಂದರೆ 1024 ಎಂಬಿ. ಹಾಗಾದರೆ 95ರಿಂದ 11ಕ್ಕೆ ಎಷ್ಟು ಪಟ್ಟು? ಸರಿಯಾಗಿ 1024 ಪಟ್ಟು! ಹನ್ನೊಂದನ್ನು ಹಾಕಲು ಡಿಸ್ಕಿನಲ್ಲಿ 64 ಜಿಬಿ ಜಾಗವೂ ಬೇಕು. ಅಷ್ಟನ್ನು 1.44 ಎಂಬಿಯ ಫ್ಲಾಪಿಗಳಲ್ಲಿ ತುಂಬಿಸಿದರೆ ಸುಮಾರು 45,500 ಫ್ಲಾಪಿ ಬೇಕಾಗುತ್ತದೆ. ಅಜ್ಜ ಪಾಪ, ಯಾವಾಗ ಹಾಕಿ ಮುಗಿಸಬೇಕು!

ಕಾವಲುಗಾರ ಹೊರಟುಹೋದ ಮೇಲೆ

ಇಲ್ಲಿಯವರೆಗೆ ಕೈಗೆ ಒಗ್ಗುವ ಮಾತಾಯಿತು. ಅಂಕ ಕೊಡುವುದಾದರೆ ಎಕ್ಸ್‌ಪಿ, ಏಳು ಎರಡಕ್ಕೂ ನಾನು ಹೆಚ್ಚು ಕೊಡುತ್ತೇನೆ. ಎರಡನೆಯ ವಿಷಯಕ್ಕೆ ಬಂದಾಗ ಅದೇ ಎಕ್ಸ್‌ಪಿ, ಅದೇ ಏಳು ಇವತ್ತು ಸೊನ್ನೆ ತೆಗೆದುಕೊಳ್ಳುತ್ತವೆ.

ಯಾವ ವಿಂಡೋಸ್ ಆದರೂ ಅದರಲ್ಲಿ ಸಣ್ಣಪುಟ್ಟ ಬಿರುಕುಗಳು ಇದ್ದೇ ಇರುತ್ತವೆ. ಅವು ಕಂಡ ಹಾಗೆಲ್ಲ ಕಂಪನಿ ತೇಪೆ ಕಳಿಸುತ್ತದೆ. ಅದನ್ನೇ ಅಪ್‌ಡೇಟ್ ಅನ್ನುವುದು. ಆದರೆ ಪ್ರತಿ ವಿಂಡೋಸಿಗೂ ಒಂದು ಕೊನೆಯ ದಿನ ಇದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8, ಏಳಕ್ಕೆ 2020ರ ಜನವರಿ 14, ಹತ್ತಕ್ಕೆ 2025ರ ಅಕ್ಟೋಬರ್ 14. ಆಮೇಲೂ ಕಂಪ್ಯೂಟರ್ ಓಡುತ್ತದೆ, ಆದರೆ ತೇಪೆ ಹಾಕುವವರು ಇಲ್ಲ.

2017ರ ಮೇ 12ರಂದು ಏನಾಯಿತು ನೋಡಿ. 'ವನ್ನಾಕ್ರೈ' ಎಂಬ ದುಷ್ಟ ಪ್ರೋಗ್ರಾಂ ಜಗತ್ತಿನಾದ್ಯಂತ ಹರಡಿ, ಕಂಪ್ಯೂಟರುಗಳಲ್ಲಿದ್ದ ಫೈಲುಗಳಿಗೆಲ್ಲ ಬೀಗ ಹಾಕಿ, ದುಡ್ಡು ಕೊಟ್ಟರೆ ತೆಗೆಯುತ್ತೇನೆ ಎಂದಿತು. 150ಕ್ಕೂ ಹೆಚ್ಚು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ತಗುಲಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೆಚ್ಚಾಗಿ ಸಿಕ್ಕಿಬಿದ್ದದ್ದು ವಿಂಡೋಸ್ 7ರ ಯಂತ್ರಗಳು. ಆ ಬಿರುಕಿಗೆ ಬೇಕಾದ ತೇಪೆ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಂಡಿರಲಿಲ್ಲ, ಅಷ್ಟೇ. ಪರಿಸ್ಥಿತಿ ಎಷ್ಟು ಕೆಟ್ಟಿತೆಂದರೆ, ಮೂರು ವರ್ಷದ ಹಿಂದೆ ಕೈಬಿಟ್ಟಿದ್ದ ಎಕ್ಸ್‌ಪಿಗೂ ಕಂಪನಿ ಮತ್ತೆ ಒಂದು ತೇಪೆ ಕೊಟ್ಟಿತು. ಹರಡುವುದನ್ನು ತಡೆದವನು ಇಂಗ್ಲೆಂಡಿನ 22 ವರ್ಷದ ಹುಡುಗ ಮಾರ್ಕಸ್ ಹಚಿನ್ಸ್. ಆ ಪ್ರೋಗ್ರಾಂ ಯಾರೂ ಕೊಂಡಿರದ ಒಂದು ವೆಬ್ ವಿಳಾಸವನ್ನು ಪದೇಪದೇ ಹುಡುಕುತ್ತಿರುವುದನ್ನು ಕಂಡು, ಆ ವಿಳಾಸವನ್ನು ತಾನೇ ಕೊಂಡ. ಕೆಲವೇ ಡಾಲರ್ ಖರ್ಚು. ವಿಳಾಸ ಸಿಕ್ಕ ಕೂಡಲೇ ಪ್ರೋಗ್ರಾಂ ಹರಡುವುದು ನಿಂತಿತು.

ನಮ್ಮ ದೇಶದ ಎಷ್ಟೋ ಎಟಿಎಂಗಳ ಒಳಗೆ ಓಡುತ್ತಿದ್ದದ್ದೂ ಎಕ್ಸ್‌ಪಿಯೇ. 2019ರ ಜೂನ್ ಒಳಗೆ ಹೊಸದಕ್ಕೆ ಹೋಗಿ ಎಂದು ರಿಸರ್ವ್ ಬ್ಯಾಂಕ್ ಗಡುವು ಕೊಡಬೇಕಾಯಿತು.

ಆದ್ದರಿಂದ ಅಜ್ಜಂದಿರೇ, ನಿಮ್ಮ ಎಕ್ಸ್‌ಪಿ ಯಂತ್ರವನ್ನು ಎಸೆಯಿರಿ ಅಂತ ನಾನು ಹೇಳುವುದಿಲ್ಲ. ಇಂಟರ್‌ನೆಟ್ ತಂತಿ ಕಿತ್ತು, ಅದರಲ್ಲಿ ಇಸ್ಪೀಟು ಆಡಿ, ಹಳೆಯ ಫೋಟೋ ನೋಡಿ. ಬ್ಯಾಂಕಿನ ಕೆಲಸ, ಪಿಂಚಣಿಯ ಕೆಲಸ ಮಾತ್ರ ಅದರಲ್ಲಿ ಬೇಡವೇ ಬೇಡ. ಹತ್ತು ಇರುವವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಕಾವಲಿನ ತೇಪೆಗಳು ಸಿಗುತ್ತವೆ. ಹನ್ನೊಂದನ್ನು ಹಳೆಯ ಯಂತ್ರ ಒಪ್ಪದಿದ್ದರೆ, ದುಡ್ಡು ಕೊಡದೆ ಸಿಗುವ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದನ್ನೇ.

ಮಾವನ ಹಾಡುಗಳು

ಮೂರನೆಯ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು.

ನಮ್ಮ ಸೋದರಮಾವ ಮಲೆನಾಡಿನಲ್ಲಿ ಮೇಷ್ಟರಾಗಿದ್ದರು. ನಿವೃತ್ತರಾದ ಮೇಲೆ ಒಂದು ವಿಂಡೋಸ್ 98 ಕಂಪ್ಯೂಟರ್ ಕೊಂಡು, ಸುತ್ತಲಿನ ಊರುಗಳ ಹಿರಿಯ ಹೆಂಗಸರು ಹೇಳುತ್ತಿದ್ದ ಹಸೆ ಹಾಡು, ಬೀಸುವ ಹಾಡುಗಳನ್ನೆಲ್ಲ ಕೇಳಿ ಕೇಳಿ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಆ ಫೈಲುಗಳನ್ನು ಮನೆಯವರು ಹೊಸ ಕಂಪ್ಯೂಟರಿನಲ್ಲಿ ತೆರೆದರು. ಒಂದು ಅಕ್ಷರ ಕನ್ನಡ ಇಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ವಿಚಿತ್ರ ಅಕ್ಷರ. ಎಲ್ಲ ಕೆಟ್ಟುಹೋಗಿದೆ ಎಂದು ಅತ್ತೆ ಕಣ್ಣೊರೆಸಿಕೊಂಡರು.

ಕೆಟ್ಟಿರಲಿಲ್ಲ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಇಂಗ್ಲಿಷಿನ ದೊಡ್ಡ 'ಎ' ಎಂದರೆ ಅದಕ್ಕೆ 65. ಆ ಕಾಲದ ವಿಂಡೋಸಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಕಂಪ್ಯೂಟರಿಗೆ ಬಂದದ್ದು ಕೆಲವರ ಪರಿಶ್ರಮದಿಂದ. ಕೆ.ಪಿ. ರಾವ್ ಅವರ 'ಸೇಡಿಯಾಪು', ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವನ್ನು ನಾವು ಮರೆಯಬಾರದು. ಆಗ ಇದ್ದ ದಾರಿ ಒಂದೇ, ಇಂಗ್ಲಿಷಿನ ಸಂಖ್ಯೆಗಳಿಗೆ ಕನ್ನಡದ ವೇಷ ಹಾಕಿಸುವುದು. ಆ ವೇಷವೇ ಫಾಂಟ್. ಯಕ್ಷಗಾನದಲ್ಲಿ ಕಿರೀಟ ಇಟ್ಟಾಗ ರಾಜ, ಚೌಕಿಗೆ ಬಂದು ಬಿಚ್ಚಿದರೆ ನಮ್ಮ ಪಕ್ಕದ ಮನೆಯವರು, ಅಲ್ಲವೇ? ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ವೇಷ ಇಲ್ಲದ್ದರಿಂದ ಒಳಗಿನ ಇಂಗ್ಲಿಷ್ ಕಾಣಿಸಿತು. ಈಗ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ. 'ಅ' ಎಂದರೆ 3205, 'ಕ' ಎಂದರೆ 3221. ಯಾವ ದೇಶದ ಕಂಪ್ಯೂಟರಿಗೆ ಹೋದರೂ, ಮೊಬೈಲಿಗೆ ಹೋದರೂ ಅದು 'ಕ'ವೇ.

ಇದನ್ನು ಮೊದಲು ಕಂಡುಹಿಡಿದವಳು ಮಾವನ ಮೊಮ್ಮಗಳು, ಎಂಟನೇ ಕ್ಲಾಸಿನ ಹುಡುಗಿ. ಬೀರುವಿನಲ್ಲಿ ಅಜ್ಜನ ಹಳೆಯ ಸಿಡಿ ಹುಡುಕಿ, ಅದರಲ್ಲಿದ್ದ ಫಾಂಟ್ ಹಾಕಿದಳು. ಹಾಡುಗಳು ಮೂಡಿದವು. ಆಮೇಲೆ ಹಳೆಯ ಬರಹವನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶದಲ್ಲಿ ಎಲ್ಲವನ್ನೂ ಬದಲಿಸಿದಳು. ಆದರೆ ಅಲ್ಲಲ್ಲಿ ಒತ್ತಕ್ಷರ ಜಾರಿತ್ತು, ಅರ್ಕಾವೊತ್ತು ತಪ್ಪು ಜಾಗದಲ್ಲಿ ಕೂತಿತ್ತು. ಸರಿಯಾದ ಪದ ಯಾವುದು ಅಂತ ಆ ಮಗುವಿಗೆ ಹೇಗೆ ಗೊತ್ತಾಗಬೇಕು? "ಅಜ್ಜೀ, ಈ ಸಾಲು ಸರಿಯಾ?" ಎಂದು ಅವಳು ಓದುವುದು, ಎಂಬತ್ತು ದಾಟಿದ ಅತ್ತೆ ಅದನ್ನು ರಾಗವಾಗಿ ಹಾಡಿ, "ಅಲ್ಲ ಕಣೇ, ಹೀಗೆ" ಎಂದು ತಿದ್ದುವುದು. ಹೀಗೆ ಒಂದು ಬೇಸಿಗೆ ರಜೆ ಕಳೆಯಿತು.

ಎಲ್ಲವೂ ಸಿಗಲಿಲ್ಲ. ಇನ್ನಷ್ಟು ಹಾಡುಗಳು ಏಳು ಫ್ಲಾಪಿಗಳಲ್ಲಿದ್ದವು. ಫ್ಲಾಪಿ ಓದುವ ಪೆಟ್ಟಿಗೆಯನ್ನು ಎಲ್ಲಿಂದಲೋ ತಂದು ಹಾಕಿದಾಗ ನಾಲ್ಕು ಮಾತ್ರ ತೆರೆದವು. ಮಲೆನಾಡಿನ ಅಷ್ಟು ಮಳೆಗಾಲಗಳ ತೇವಕ್ಕೆ ಮೂರಕ್ಕೆ ಬೂಸ್ಟು ಹಿಡಿದಿತ್ತು. ಆ ಮೂರರಲ್ಲಿದ್ದ ಹಾಡುಗಳಲ್ಲಿ ಅತ್ತೆಗೆ ನೆನಪಿದ್ದಷ್ಟನ್ನು ಮೊಮ್ಮಗಳು ಹೊಸದಾಗಿ ಬರೆದುಕೊಂಡಳು. ಮಾವನಿಗೆ ಹಾಡು ಹೇಳಿದ್ದ ಹೆಂಗಸರಲ್ಲಿ ಈಗ ಯಾರೂ ಉಳಿದಿಲ್ಲ. ಉಳಿದ ಹಾಡುಗಳು ಹೋದವು.

ಈ ಮೂರನೆಯ ವಿಷಯದಲ್ಲಿ 95, 98, ಎಕ್ಸ್‌ಪಿ, ಏಳು, ಹನ್ನೊಂದು ಯಾವುದಕ್ಕೂ ಪೂರ್ತಿ ಅಂಕ ಇಲ್ಲ. ಒಂದು ವಿಂಡೋಸಿನಿಂದ ಇನ್ನೊಂದಕ್ಕೆ ಹೋಗುವಾಗ ನಮ್ಮ ಗಂಟುಮೂಟೆಯನ್ನು ನಾವೇ ಕಟ್ಟಿ ಸಾಗಿಸಬೇಕು. ಯಾವ ಕಿಟಕಿ ಚೆನ್ನ ಎಂದು ಕೇಳಿದರೆ ನನ್ನ ಉತ್ತರ ಇದು: ಇವತ್ತು ತೇಪೆ ಸಿಗುತ್ತಿರುವ ಯಾವುದಾದರೂ ಆದೀತು, ಬಟನ್ ಎಡಕ್ಕಿದ್ದರೂ ನಡುವಿಗಿದ್ದರೂ ಎಂಟು ದಿನದಲ್ಲಿ ಕೈ ಪಳಗುತ್ತದೆ. ಆದರೆ ಹಳೆಯ ಯಂತ್ರದಲ್ಲಿ ಏನಿದೆ ಅಂತ ನೋಡದೆ ಅದನ್ನು ಗುಜರಿಗೆ ಹಾಕಬೇಡಿ.

ಈ ಭಾನುವಾರದ ಕೆಲಸ

ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು.

ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ ನೋಡಿ. ಕಿಟಕಿಯ ಗುರುತಿರುವ ಕೀಲಿಯನ್ನು ಒತ್ತಿ ಹಿಡಿದು 'ಆರ್' ಒತ್ತಿ. ಬರುವ ಪುಟ್ಟ ಪೆಟ್ಟಿಗೆಯಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರ ಬರೆದು ಎಂಟರ್ ಒತ್ತಿದರೆ ಹೆಸರು ಕಾಣುತ್ತದೆ.

ಎರಡನೆಯದಾಗಿ, ಅಟ್ಟ, ಬೀರು, ಮೇಜಿನ ಡ್ರಾಯರ್ ಎಲ್ಲ ಹುಡುಕಿ ಹಳೆಯ ಫ್ಲಾಪಿ, ಸಿಡಿ, ಪೆನ್‌ಡ್ರೈವ್‌ಗಳನ್ನು ಒಂದು ಕಡೆ ಸೇರಿಸಿ. ಓದಲು ಬರುವುದನ್ನೆಲ್ಲ ಹೊಸ ಕಂಪ್ಯೂಟರಿಗೆ ಹಾಕಿ, ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡಿ. ಪ್ರತಿ ಎರಡಿರಲಿ, ಎರಡೂ ಒಂದೇ ಬೀರುವಿನಲ್ಲಿ ಬೇಡ.

ಮೂರನೆಯದಾಗಿ, ಕನ್ನಡದ ಫೈಲು ಇಂಗ್ಲಿಷಿನ ಹಾಗೆ ಕಂಡರೆ ಅಳಿಸಬೇಡಿ. ಅದರ ವೇಷ ಹುಡುಕಿ ಕೊಟ್ಟರೆ ಅದು ಕನ್ನಡವಾಗಿ ಎದ್ದು ಕೂರುತ್ತದೆ. ಆಮೇಲೆ ಯೂನಿಕೋಡಿಗೆ ಬದಲಿಸಿ. ಮೊಮ್ಮಕ್ಕಳು ಓದಲಿ, ಹಿರಿಯರು ತಿದ್ದಲಿ.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಏನು ಸಿಕ್ಕಿತು ಎಂದು ನನಗೆ ಬರೆದು ತಿಳಿಸಿ. ಅಜ್ಜನ ಆದಾಯ ವೆಚ್ಚದ ಲೆಕ್ಕವಿರಲಿ, ಅಜ್ಜಿಯ ಉಪ್ಪಿನಕಾಯಿಯ ಅಳತೆಯಿರಲಿ, ಯಾವುದೂ ಸಣ್ಣದಲ್ಲ.